ಹಣ್ಣಾದ ಮೀನು

ತಪ್ಪು ಹುಡುಕುವುದನ್ನೇ ಸಂಬಳದ ಕೆಲಸ ಮಾಡಿಕೊಂಡವನು ಮನೆಯಲ್ಲಿ ಜೀವವಿರುವ ಯಾವುದನ್ನೂ ಸಾಕಬಾರದು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬಣ್ಣ ಬಳಿದ ಕಾರಿನ ಬಾಗಿಲುಗಳು ಒಂದರ ಹಿಂದೆ ಒಂದು ಬರುತ್ತವೆ. ನಾನು ಟ್ಯೂಬ್‌ಲೈಟಿನ ಕೆಳಗೆ ತಲೆ ಓರೆ ಮಾಡಿ ನಿಂತು, ಕೂದಲೆಳೆಯಷ್ಟು ಗೀರಿದ್ದರೂ ಹಿಡಿದು ಪಕ್ಕಕ್ಕೆ ತಳ್ಳುತ್ತೇನೆ. ಬಾಗಿಲಿಗೆ ಅದರಿಂದ ಬೇಜಾರೇನೂ ಆಗುವುದಿಲ್ಲ. ಆದರೆ ಅದೇ ಕಣ್ಣನ್ನು ಮನೆಗೆ ತಂದು ಬೆರಳುದ್ದವೂ ಇಲ್ಲದ ಮೀನಿನ ಮೇಲೆ ಇಟ್ಟಿದ್ದರಿಂದ ರಾಮನಗರದ ನಮ್ಮ ಮನೆಯಲ್ಲಿ ಏನೇನು ನಡೆಯಿತು, ಕೊನೆಗೆ ಗೆದ್ದವರು ಯಾರು ಎಂಬುದು ನನಗೇ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ನಿಮಗೆ ಅರ್ಥವಾದರೆ ದಯವಿಟ್ಟು ಹೇಳಿ.

ಮೀನು ತಂದಿದ್ದು ಬಿ.ಪಿ. ಇಳಿಯಲಿ ಎಂದು. ಮೀನು ನೋಡುತ್ತಾ ಕೂತರೆ ಮನಸ್ಸು ತಣ್ಣಗಾಗುತ್ತದೆ ಅಂತ ಯಾರೋ ಹೇಳಿದ್ದರು. ಯಾರು ಅಂತ ನೆನಪಿಲ್ಲ, ನೆನಪಾದರೆ ಅವರ ಹತ್ತಿರ ಒಂದೆರಡು ಮಾತು ಆಡುವುದಿದೆ. ಬೆಂಗಳೂರಿನ ಅಂಗಡಿಯಲ್ಲಿ ಗೋಲ್ಡ್ ಫಿಶ್ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಚಿಕ್ಕ ಮಕ್ಕಳಿಗೆ ಸಾರ್. ನೀವು ಡ್ವಾರ್ಫ್ ಸಿಕ್ಲಿಡ್ ತಗೊಳ್ಳಿ. ಸಂಸಾರ ಮಾಡೋ ಮೀನು" ಎಂದ. ಆಗಲೇ ಎಚ್ಚರವಾಗಬೇಕಿತ್ತು, ಆಗಲಿಲ್ಲ. ಒಂದು ಜೋಡಿ ಕೊಟ್ಟ. ಗಂಡು ಕಿತ್ತಳೆ ಬಾಲದ, ಬೆನ್ನ ಮೇಲೆ ರೆಕ್ಕೆ ಎತ್ತಿಕೊಂಡು ತಿರುಗುವ ಶೋಕಿಲಾಲ. ಹೆಣ್ಣು ಅದರ ಅರ್ಧದಷ್ಟು, ಬೂದು ಬಣ್ಣ; ಇದೆಯೋ ಇಲ್ಲವೋ ಎನ್ನುವ ಹಾಗೆ ಇತ್ತು. ಇವುಗಳಿಗೆ ಬರೀ ನೀರು ಸಾಲದಂತೆ. ತೊಟ್ಟಿಯೊಳಗೆ ಗಿಡ ನೆಡಬೇಕು, ಪಾಚಿ ಬೆಳೆಸಬೇಕು, ಮೊಟ್ಟೆ ಇಡಲು ತೂತು ಕೊರೆದ ತೆಂಗಿನ ಕರಟ ಕವುಚಬೇಕು, ಒಣಗಿದ ಬಾದಾಮಿ ಎಲೆ ಹಾಕಿ ನೀರನ್ನು ಕಂದು ಮಾಡಬೇಕು, ಕಲ್ಲು ಜೋಡಿಸಬೇಕು. ಎಲ್ಲವನ್ನೂ ಅವನ ಹತ್ತಿರವೇ ಕೊಂಡು ತಂದೆ, ಕಲ್ಲನ್ನೂ ಸೇರಿಸಿ. ಬೆಟ್ಟಬಂಡೆಗಳ ರಾಮನಗರದವನೊಬ್ಬ ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಕಲ್ಲು ತಂದ ಸುದ್ದಿ ನಮ್ಮ ಬೀದಿಯಲ್ಲಿ ಬಹಳ ದಿನ ಓಡಾಡಿತು. ಚನ್ನಪಟ್ಟಣದಿಂದ ಕಂಪನಿ ಬಸ್ಸಿನಲ್ಲಿ ಬರುವ ನನ್ನ ಗೆಳೆಯ ಸಿದ್ದರಾಜು ತೊಟ್ಟಿ ನೋಡಲು ಬಂದು, "ಏನ್ಲಾ ಇದು, ಡಿಕಾಕ್ಷನ್‌ ಒಳಗೆ ಮೀನು ಬುಟ್ಟಿದ್ದೀಯ? ಒಸಿ ಹಾಲು ಸಕ್ಕರೆ ಹಾಕ್ಬುಡು, ಕುಡ್ಕೊಂಡೇ ಹೋಗ್ತೀನಿ" ಎಂದು ಕೂತ.

ತೊಟ್ಟಿ ಇಟ್ಟಿದ್ದು ನಡುಮನೆಯ ಕಿಟಕಿಯ ಪಕ್ಕ. ಅಲ್ಲಿ ಮುಂಚೆ ನನ್ನ ಹೆಂಡತಿ ಸವಿತಾಳ ಹೊಲಿಗೆ ಮಷೀನಿತ್ತು. ಬ್ಲೌಸ್ ಹೊಲಿಯುವವಳಿಗೆ ಬೆಳಕು ಬೇಕು, ಗಿಡಕ್ಕೂ ಬೆಳಕು ಬೇಕು. "ಸದ್ಯಕ್ಕೆ" ಎಂದು ಹೇಳಿ ಮಷೀನನ್ನು ಅಡುಗೆಮನೆಯ ಓಣಿಗೆ ಸರಿಸಿದೆ. ಅವಳು ಏನೂ ಅನ್ನಲಿಲ್ಲ. ಸವಿತಾ ಏನೂ ಅನ್ನದಿದ್ದರೆ ಅದು ಒಪ್ಪಿಗೆಯಲ್ಲ ಎಂಬುದನ್ನು ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕಲಿತಿಲ್ಲ.

ಸ್ವಲ್ಪ ದಿನದಲ್ಲಿ ಬೂದು ಹೆಣ್ಣು ಮೀನು ಹಳದಿಯಾಯಿತು. ಅಂಥಿಂಥ ಹಳದಿಯಲ್ಲ, ಅರಿಶಿನ ಮೆತ್ತಿದಂತಹ ಹಳದಿ. ಊಟ ಬಿಟ್ಟಿತು. ಕರಟದೊಳಗೆ ಸೇರಿಕೊಂಡು, ತನಗಿಂತ ದುಪ್ಪಟ್ಟಿದ್ದ ಗಂಡನನ್ನು ಹತ್ತಿರ ಬಂದಾಗಲೆಲ್ಲ ಅಟ್ಟಿಸಿಕೊಂಡು ಹೋಗಿ ಹೊಡೆಯತೊಡಗಿತು. ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಪಕ್ಕಕ್ಕೆ ತೆಗೆಯುವುದು ನನ್ನ ವೃತ್ತಿಧರ್ಮ. ಕಾಮಾಲೆ ಎಂದು ತೀರ್ಮಾನಿಸಿ, ಅದನ್ನು ಹಿಡಿದು ಉಪ್ಪು ನೀರಿನ ಬಕೆಟ್ಟಿಗೆ ಬಿಟ್ಟೆ. ಕರಟದ ಒಳಮೈಗೆ ಅಂಟಿಸಿದ್ದ ಮೊಟ್ಟೆಗಳನ್ನು ಗಂಡು ನೆಮ್ಮದಿಯಾಗಿ ತಿಂದು ಮುಗಿಸಿದ ಮೇಲೆ ಮೊಬೈಲಿನಲ್ಲಿ ಓದಿದೆ: ಹಳದಿಯಾಗುವುದು ರೋಗವಲ್ಲ, ತಾಯ್ತನ.

ತೊಟ್ಟಿಗೆ ಮರಳಿದ ಹೆಣ್ಣು ಎರಡನೇ ಸಲ ಮೊಟ್ಟೆಯಿಟ್ಟಾಗ ನನಗೆ ಎಲ್ಲ ಗೊತ್ತಿತ್ತು, ಅದೇ ತೊಂದರೆಯಾಯಿತು. ಒಬ್ಬ ವಿಡಿಯೋದವನು ಗಂಡನ್ನು ತೆಗೆಯಿರಿ ಎಂದ, ಇನ್ನೊಬ್ಬ ತೆಗೆಯಬೇಡಿ ಎಂದ. ನಾನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದೆ. ಟಾರ್ಚ್ ಬಿಟ್ಟು ಬಿಟ್ಟು ಕರಟದೊಳಗೆ ನೋಡಿದೆ. ಮರಿಗಳು ಬಂದವು, ಸಾಸಿವೆಗಿಂತ ಚಿಕ್ಕವು. ಹಸಿದಿರಬೇಕು ಅನ್ನಿಸಿ ಬೇಯಿಸಿದ ಮೊಟ್ಟೆಯ ಹಳದಿ ಕಲಸಿ ಹಾಕಿದೆ, ಸಾಲದೇನೋ ಅಂತ ಮತ್ತೊಂದು ಚಮಚ ಹಾಕಿದೆ. ನೀರು ಹುಳಿ ಹಿಡಿದು ನಾರಿತು. ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ತಾಯಿ ಖಾಲಿ ತೊಟ್ಟಿಯಲ್ಲಿ ಎಲೆ ಎಲೆಯ ಕೆಳಗೂ ಹುಡುಕುತ್ತಿತ್ತು. ನಾನೂ ಟಾರ್ಚ್ ಹಿಡಿದು ಅದರ ಜೊತೆ ಹುಡುಕಿದೆ. ಸವಿತಾ ಪಕ್ಕದಲ್ಲೇ ನಿಂತು ನೋಡಿ, ಆಗ ಬಾಯಿಬಿಟ್ಟಳು. "ಇನ್ನೊಂದೇ ಒಂದು ಸಲ ರೀ. ಈ ಸಲಾನೂ ಮರಿ ಉಳೀಲಿಲ್ಲ ಅಂದ್ರೆ ಈ ಜೋಡೀನ ಸಾಕೋಕೆ ಬರೋರ ಕೈಗೆ ಕೊಟ್ಬಿಡಿ. ನನ್ನ ಮಷೀನು ಕಿಟಕಿ ಹತ್ರ ಬರ್ತದೆ." ನ್ಯಾಯವಾದ ಮಾತು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಆ ಮೀನುಗಳ ಮೇಲೆ ನನಗಿದ್ದ ಆಸೆ ಎಷ್ಟು ಎಂದು ತಿಳಿದು ನಿದ್ದೆ ಕೆಟ್ಟಿತು.

ಮೂರನೇ ಸಲ ಮೀನು ಹಳದಿಯಾದಾಗ ಮನೆಯಲ್ಲಿ ನಮ್ಮತ್ತೆ ಇದ್ದರು. ಕನಕಪುರದಾಚೆ ಕೋಡಿಹಳ್ಳಿ ಕಡೆಯವರು. ಬದುಕಿನುದ್ದಕ್ಕೂ ರೇಷ್ಮೆ ಹುಳು ಮೇಯಿಸಿದವರು; ಮಂಡಿ ನೋವಿನಿಂದ ಅದನ್ನು ಬಿಟ್ಟು, ಮಗಳ ಮನೆಗೆ ಬಂದು, ಸಾಕಲು ಏನೂ ಇಲ್ಲದೆ ಚಡಪಡಿಸುತ್ತಿದ್ದರು. ಟಿ.ವಿ. ಅವರನ್ನು ಹಿಡಿದಿಡಲಿಲ್ಲ. ತೊಟ್ಟಿಯ ಮುಂದೆ ಬಗ್ಗಿ ನೋಡಿದವರು ಒಂದೇ ಮಾತಿನಲ್ಲಿ ಹೇಳಿದರು: "ಹಣ್ಣಾಗೈತೆ."

ರೇಷ್ಮೆ ಹುಳು ಗೂಡು ಕಟ್ಟುವ ಮುನ್ನ ಸೊಪ್ಪು ತಿನ್ನುವುದು ಬಿಟ್ಟು ಹಳದಿಗೆ ತಿರುಗುತ್ತದೆ. ಅದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಇದು ಹುಳುವಲ್ಲ ಮೀನು ಎಂದೆ. "ಕಾಣ್ತೈತೆ ಕಣಪ್ಪ, ನಂಗೇನು ಕಣ್ಣಿಲ್ವಾ? ಸುತ್ತಾ ಅಷ್ಟೊಂದು ಸೊಪ್ಪೈತೆ, ಒಂದೆಲೆ ಮುಟ್ಟೈತಾ? ಹಣ್ಣಾದ್ಮೇಲೆ ಯಾವ್ದೂ ಮುಟ್ಟಾಕಿಲ್ಲ. ಒಂದು ಚಂದ್ರಿಕೆ ಇದ್ದಿದ್ರೆ ಒಳಗೆ ಇಳಿಸ್ಬೋದಿತ್ತು" ಎಂದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ನಮ್ಮ ಬಾಗಿಲಿನಷ್ಟು ದೊಡ್ಡದು. ಅದೊಂದನ್ನು ಮಾತ್ರ ನಾನು ಹೋರಾಡಿ ತಪ್ಪಿಸಿದೆ.

ಮಿಕ್ಕಿದ್ದನ್ನೆಲ್ಲ ಸೋತೆ. ಅವತ್ತಿನಿಂದ ನಮ್ಮ ನಡುಮನೆ ರೇಷ್ಮೆ ಸಾಕುವ ಹುಳು ಮನೆಯಾಯಿತು, ಬರಲಿರುವ ಮರಿಗಳು ಬೆಳೆಯಾದವು. ಬಾಗಿಲಿಗೆ ಹಳೇ ಸೀರೆಯ ಪರದೆ ಬಿತ್ತು. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಊದುಬತ್ತಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಬೆಳ್ಳುಳ್ಳಿ ಒಗ್ಗರಣೆ ಇಲ್ಲ. ಹೊರಗಿನವರಂತೂ ಬರಲೇಕೂಡದು, ಸಿದ್ದರಾಜುವನ್ನು ಗೇಟಿನಿಂದಲೇ ವಾಪಸು ಕಳಿಸಿದರು. ತೊಟ್ಟಿಯೊಳಗೆ ಯಾರೂ ಕೈ ಹಾಕಬಾರದು, ಏನನ್ನೂ ಉಣಿಸಬಾರದು. ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನೀವು ಮೈತುಂಬ ಪೇಂಟ್ ವಾಸ್ನೆ ಹೊತ್ಕಂಡು ಬತ್ತೀರಿ. ಬೆಳೆ ಕೈಗೆ ಬರೋಗಂಟ ಒಸಿ ಹಿತ್ಲ ಬಾಗ್ಲಿಂದ ಓಡಾಡ್ಕಳಿ."

ಮೀನು ನೀರಿನಲ್ಲಿದೆ, ವಾಸನೆ ಅಲ್ಲಿಗೆ ಹೋಗುವುದಿಲ್ಲ ಎಂದು ವೈಜ್ಞಾನಿಕವಾಗಿ ವಿವರಿಸಿದೆ. ಅತ್ತೆ ತಾಳ್ಮೆಯಿಂದ ಕೇಳಿ, "ಹಂಗಾದ್ರೆ ಹೋದ ಎರಡು ಬೆಳೆ ಯಾಕೋದ್ವು?" ಎಂದರು. ಮಾರನೆಯ ದಿನದಿಂದ ನಾನು ನಡುಮನೆಗೆ ಕಾಲಿಡದೆ ಹಿತ್ತಿಲ ಬಾಗಿಲು ಹಿಡಿದೆ. ಹುಳು ಮನೆಯನ್ನು ಒಂಟಿಯಾಗಿ ಬಿಡಬಾರದಂತೆ, ಇರುವೆ ಹಲ್ಲಿಗಳ ಕಾಟ. ಅದಕ್ಕೆ ಕಾವಲಿಗೆಂದು ಸವಿತಾ ಕೂತಳು, ಕೂತವಳು ಸುಮ್ಮನೆ ಯಾಕೆ ಕೂರಬೇಕೆಂದು ಮಷೀನೂ ಕಿಟಕಿಯ ಪಕ್ಕಕ್ಕೆ ಬಂತು. ನಾನು ಕೆಮ್ಮಿದರೆ ಗದರುವ ಅತ್ತೆ ಆ ಗಡಗಡ ಸದ್ದಿಗೆ ಏನೂ ಅನ್ನಲಿಲ್ಲ. ಕೇಳಿದರೆ, "ಅದು ಕೆಲಸದ ಸದ್ದು" ಅಂದರು.

ಬಿಡದಿಯಿಂದ ಬಂದವನು ನೇರವಾಗಿ ಮನೆಯ ಪಕ್ಕದ ಸಂದಿಗೆ ಹೋಗಿ, ನೀರಿನ ಸಂಪಿನ ಮುಚ್ಚಳದ ಮೇಲೆ ನಿಂತು, ಕಿಟಕಿ ಸರಳಿನ ಆಚೆಗೆ ನನ್ನ ಮೀನನ್ನು ನೋಡತೊಡಗಿದೆ. ಒಮ್ಮೆ ಪಕ್ಕದ ಮನೆಯಾಕೆ, "ಬೀಗದ ಕೈ ಮರ್ತೋಯ್ತಾ?" ಎಂದು ಮರುಕದಿಂದ ವಿಚಾರಿಸಿದರು. ಹೌದು ಅಂದೆ, ನಿಜ ಹೇಳುವುದು ಇನ್ನೂ ಕಷ್ಟವಿತ್ತು. ಒಳಗೆ ಗಂಡು ಮೀನು ಫಿಲ್ಟರಿನ ಪೈಪಿನ ಹಿಂದೆ ರೆಕ್ಕೆ ಮಡಚಿಕೊಂಡು ನಿಂತಿರುತ್ತಿತ್ತು. ಅದೂ ನಾನೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ನನಗಂತೂ ಭಯ ಹೋಗಿರಲಿಲ್ಲ. ಈ ಸಲ ಹೋದರೆ ಮುಗಿಯಿತು, ಆದರೆ ನಾನು ಮಾಡುವಂಥದ್ದು ಏನೂ ಇಲ್ಲ. ಏನೂ ಮಾಡದೆ ನಿಲ್ಲುವುದು ನನಗೆ ಯಾರೂ ಕಲಿಸದ ಕೆಲಸ.

ಒಂದು ಸಂಜೆ ನಾನು ಸಂಪಿನ ಮೇಲೆ ಕಾಲಿಡುವ ಮೊದಲೇ ಒಳಗಿನಿಂದ ಸವಿತಾ ಪಿಸುದನಿಯಲ್ಲಿ, "ರೀ, ಬೇಗ ಬನ್ನಿ, ಕಿಟಕಿ ಹತ್ರ" ಎಂದಳು. ಹಳದಿ ತಾಯಿ ಕರಟದಿಂದ ಹೊರಗೆ ಬಂದಿತ್ತು. ಅದರ ಹಿಂದೆ ಮುಂದೆ, ಬಾದಾಮಿ ಎಲೆಯ ಮೇಲೆ, ಚುಕ್ಕಿ ಚುಕ್ಕಿಯಾಗಿ ಮರಿಗಳು. ಅದು ನಿಂತರೆ ಅವೂ ನಿಲ್ಲುತ್ತಿದ್ದವು. ಅದು ತಲೆ ಕುಣಿಸಿದರೆ ಎಲ್ಲ ಎಲೆಗೆ ಅಂಟಿಕೊಳ್ಳುತ್ತಿದ್ದವು. ಸವಿತಾ ಹೊಲಿಗೆ ನಿಲ್ಲಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಾನು ಸರಳು ಹಿಡಿದುಕೊಂಡು ಮರಿಗಳನ್ನು ಎಣಿಸತೊಡಗಿ, ಎರಡು ಸಲ ಲೆಕ್ಕ ತಪ್ಪಿದೆ. ಅತ್ತೆ ಮಾತ್ರ ಬಹಳ ಹೊತ್ತು ಕರಟವನ್ನೇ ನೋಡಿ, "ಗೂಡೊಂದು ಕಟ್ನಿಲ್ಲ. ಆದ್ರೂ ಹೋಗ್ಲಿ, ಬೆಳೆ ಬಂತಲ್ಲ. ತಾಯಿ ಕಬ್ಬಾಳಮ್ಮ ಕಣ್ಬುಟ್ಲು" ಎಂದರು.

ಮರಿಗಳು ಉಳಿದವು, ಬೆಳೆದವು. ಯಾಕೆ ಉಳಿದವು ಎಂದು ನಾನು ಕಾರ್ಖಾನೆಯ ಪದ್ಧತಿಯಲ್ಲಿ ಕೂತು ಯೋಚಿಸಿದೆ. ಊದುಬತ್ತಿಯ ಹೊಗೆ ನೀರಿಗೆ ಇಳಿಯುವುದಿಲ್ಲ, ಅದನ್ನು ಕಾರಣಗಳ ಪಟ್ಟಿಯಿಂದ ಬಿಟ್ಟೆ. ಬೆಳ್ಳುಳ್ಳಿ ಬಿಟ್ಟೆ, ಪರದೆ ಬಿಟ್ಟೆ, ಹೊರಗಿನವರ ದೃಷ್ಟಿಯನ್ನೂ ಬಿಟ್ಟೆ. ಮರಿಗಳು ಪಾಚಿಯಲ್ಲಿದ್ದ, ನಮ್ಮ ಕಣ್ಣಿಗೆ ಕಾಣದ ಏನನ್ನೋ ತಿಂದುಕೊಂಡು ಬದುಕಿವೆ. ಕೊನೆಗೆ ಉಳಿದದ್ದು ಒಂದೇ ಕಾರಣ: ಈ ಸಲ ತೊಟ್ಟಿಗೆ ನನ್ನ ಕೈ ಬಿದ್ದಿಲ್ಲ. ಈ ಸಂಶೋಧನೆಯನ್ನು ಕಿಟಕಿಯ ಆಚೆಯಿಂದಲೇ ಸವಿತಾಳಿಗೆ ತಿಳಿಸಿದೆ. ಅವಳು ಮಷೀನಿನಿಂದ ಕಾಲು ತೆಗೆಯದೆ, "ಅವ್ವ ಮೊದಲ್ನೇ ದಿನಾನೇ ಹೇಳಿದ್ಲಲ್ಲ" ಎಂದಳು. ಅತ್ತೆ ಹೇಳಿದ್ದು ಪೇಂಟಿನ ವಾಸನೆಯ ವಿಷಯವೋ ನನ್ನ ವಿಷಯವೋ ಎಂಬ ಗೊಂದಲ ನನಗೆ ಹಾಗೇ ಉಳಿದಿದೆ.

ಒಪ್ಪಂದದ ಪ್ರಕಾರ ನಾನು ಗೆದ್ದಿದ್ದೇನೆ. ತೊಟ್ಟಿ ಕಿಟಕಿಯ ಪಕ್ಕದಲ್ಲೇ ಇದೆ. ಮಷೀನೂ ಕಿಟಕಿಯ ಪಕ್ಕದಲ್ಲೇ ಇದೆ. ಅಲ್ಲಿ ಇಲ್ಲದಿರುವುದು ನನ್ನ ಕುರ್ಚಿ. ಅದನ್ನು ನಾನೇ ಸಂದಿಗೆ ತಂದು ಹಾಕಿಕೊಂಡಿದ್ದೇನೆ, ಯಾಕೆಂದರೆ ಹೆಣ್ಣು ಮತ್ತೆ ಹಳದಿಗೆ ತಿರುಗಿದೆ, ಪರದೆ ಇಳಿಬಿದ್ದಿದೆ. ಮೊನ್ನೆ ಕಂಪನಿಯ ಡಾಕ್ಟರು ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಆಶ್ಚರ್ಯದಿಂದ ಇನ್ನೊಂದು ಸಲ ನೋಡಿ, "ತುಂಬಾ ಇಳಿದಿದೆಯಲ್ಲ, ಏನು ಮಾಡ್ತಿದ್ದೀರಿ?" ಎಂದು ಕೇಳಿದರು.

"ಮೀನು ಸಾಕ್ತಿದ್ದೀನಿ ಸಾರ್" ಎಂದೆ.