ಶುಕ್ರವಾರದವರೆಗೆ ಯಾರಿಗೂ ಹೇಳಬೇಡಿ

ಕಕ್ಷಿದಾರರು ಹೇಳಿದ ಮಾತನ್ನ ವಕೀಲ ಸತ್ತರೂ ಹೊರಗೆ ಬಿಡಬಾರದು ಅಂತ ಕಾನೂನಿದೆ. ಅದನ್ನ ಬರೆದ ಪುಣ್ಯಾತ್ಮ ನಮ್ಮ ವಿಜಯನಗರದಲ್ಲಿ ಒಂದು ವಾರ ಆಫೀಸು ಇಟ್ಟಿದ್ದಿದ್ರೆ, ಪೆನ್ನು ಕೆಳಗಿಟ್ಟು ಎದ್ದು ಹೋಗ್ತಿದ್ದ. ಎಂಬತ್ತರ ದಶಕದಲ್ಲಿ ಬಾಡಿಗೆ ಮನೆಯ ಮುಂದಿನ ರೂಮೇ ನನ್ನ ಆಫೀಸು. ಪಕ್ಕದಲ್ಲಿ ನ್ಯಾಯಬೆಲೆ ಅಂಗಡಿ. ಸೀಮೆಎಣ್ಣೆ ಬಂದ ದಿನ ಕ್ಯೂ ನನ್ನ ಕಿಟಕಿ ಕೆಳಗೇ ಹಾದು ಹೋಗ್ತಿತ್ತು. ಅಲ್ಲಿ ಜನರ ಗುಟ್ಟು ಕಾಪಾಡೋಕೆ ನಾನು ಪಟ್ಟ ಪಾಡು ನೆನೆಸ್ಕೊಂಡ್ರೆ ಈಗಲೂ ಮೈಯೆಲ್ಲಾ ಉರಿಯುತ್ತೆ. ಇಂಥವು ಬೇಕಾದಷ್ಟಿವೆ. ಒಂದೇ ಕೇಸಿನದು ಹೇಳ್ತೀನಿ, ಅದೂ ಆ ಕಕ್ಷಿದಾರಳೇ "ಹೇಳ್ಕೊಳ್ಳಿ ಸಾರ್" ಅಂದಿದ್ದಕ್ಕೆ.

೧. ಧೈರ್ಯಕ್ಕೆ ಬಂದವರು

ಬ್ಲೌಸ್ ಹೊಲಿದು ಜೀವನ ಮಾಡ್ತಿದ್ದ ಹೆಂಗಸು. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು. ಗಂಡನೂ ಅವನ ಅಣ್ಣನೂ ಸೇರಿ ಕೊಂಡಿದ್ದ ಸೈಟಿನಲ್ಲಿ ಎರಡು ರೂಮಿನ ಶೀಟಿನ ಮನೆ, ಅದರಲ್ಲಿ ಈಕೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಪತ್ರ ಮಾತ್ರ ಭಾವನ ಹೆಸರಲ್ಲಿ. ಆ ಭಾವ ಸದ್ದಿಲ್ಲದೆ ಸೈಟು ಮಾರೋಕೆ ಹೊರಟಿದ್ದ. ಬರೋ ಶುಕ್ರವಾರ ರಿಜಿಸ್ಟ್ರೇಷನ್. ಅಷ್ಟರೊಳಗೆ ನಾನು ಕೋರ್ಟಿನಿಂದ ಸ್ಟೇ ತರಬೇಕು. ಮೊದಲೇ ಅವನಿಗೆ ವಾಸನೆ ಹತ್ತಿದ್ರೆ ಮಾರನೇ ದಿನವೇ ರಿಜಿಸ್ಟರ್ ಮಾಡಿಸಿ, ಮೂವರನ್ನೂ ಬೀದಿಗೆ ಹಾಕಿಬಿಡ್ತಿದ್ದ.

"ನೋಡಮ್ಮ, ಈ ವಿಷಯ ನಮ್ಮಿಬ್ಬರ ಮಧ್ಯೆ ಇರ್ಬೇಕು" ಅಂದೆ. ಅಂದು ತಲೆ ಎತ್ತಿ ನೋಡ್ತೀನಿ, ನಮ್ಮಿಬ್ಬರನ್ನ ಬಿಟ್ಟು ರೂಮಲ್ಲಿ ಇನ್ನೂ ಮೂರು ಜನ!

"ಯಾರಮ್ಮಾ ಇವರೆಲ್ಲಾ?"

"ಇವರು ನಮ್ಮ ಎದುರುಮನೆ ಆಂಟಿ ಸಾರ್, ನನ್ನ ಧೈರ್ಯಕ್ಕೆ ಬಂದ್ರು. ಇವರು ಆಂಟಿ ತಂಗಿ, ಆಂಟಿ ಧೈರ್ಯಕ್ಕೆ ಬಂದ್ರು."

"ಆ ಮೂಲೆಲಿ ಕೂತಿರೋ ಯಜಮಾನ್ರು?"

"ಗೊತ್ತಿಲ್ಲ ಸಾರ್. ನಿಮ್ಮ ಕಡೆಯವರು ಅಂದ್ಕೊಂಡೆ."

ನನ್ನ ಕಡೆಯವರೂ ಅಲ್ಲ, ಯಾವ ಕಡೆಯವರೂ ಅಲ್ಲ. ಎರಡು ಮನೆ ಆಚೆಯ ರಿಟೈರ್ಡ್ ಮೇಷ್ಟ್ರು. ಆ ಸಾಲಿಗೆಲ್ಲ ಫೋನಿದ್ದದ್ದು ನಮ್ಮನೇಲಿ ಮಾತ್ರ, ಹಾಗಾಗಿ ಮಗನ ಟ್ರಂಕ್ ಕಾಲಿಗೆ ಕಾಯ್ತಾ ದಿನಾ ಬಂದು ಕೂರೋರು. "ನನ್ನ ಪಾಡಿಗೆ ನಾನಿರ್ತೀನಿ, ನೀವು ಮುಂದುವರಿಸಿ" ಅಂದ್ರು. ಅರ್ಧ ನಿಮಿಷ ಆಗಿಲ್ಲ, "ಶುಕ್ರವಾರ ಅಂದ್ರಲ್ಲಾ, ಬೆಳಿಗ್ಗೆನೋ ಮಧ್ಯಾಹ್ನನೋ?" ಅಂತ ಕೇಳಿದ್ರು.

ನನಗೆ ನೆತ್ತಿಗೇರಿಬಿಡ್ತು. ಮೇಜು ಗುದ್ದಿ, "ಎಲ್ಲಾ ಎದ್ದು ಆಚೆ ಹೋಗಿ!" ಅಂತ ಕೂಗಿದೆ. ಎಲ್ಲರಿಗಿಂತ ಮೊದಲು ಎದ್ದು ಹೋದವಳು ನನ್ನ ಕಕ್ಷಿದಾರಳು.

೨. ಪ್ರಾಕ್ಟೀಸು

ಭಾನುವಾರ ಕೂತು ದಾವೆ ಬರೆದೆ. ಅದನ್ನ ಹಿಂದಿನ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕೊಟ್ಟು, "ನೀವೊಬ್ಬರೇ ಟೈಪ್ ಮಾಡಿ, ಇನ್ಯಾರ ಕಣ್ಣಿಗೂ ಬೀಳಬಾರದು" ಅಂತ ಅದರ ಮಾಸ್ತರಿಗೆ ಮೂರು ಸಲ ಹೇಳಿ ಬಂದೆ.

ಸೋಮವಾರ ಬೆಳಿಗ್ಗೆ ಇಸ್ಕೊಂಡು ಬರೋಣ ಅಂತ ಹೋದ್ರೆ, ಒಳಗೆ ಹನ್ನೆರಡು ಮಿಷಿನ್ನು ಒಟ್ಟಿಗೆ ಟಕಟಕ ಅಂತಿವೆ. ಮಾಸ್ತರು ಕೈಕಟ್ಟಿಕೊಂಡು ನಿಂತು ಗಟ್ಟಿಯಾಗಿ ಓದಿ ಹೇಳ್ತಿದ್ದಾರೆ. ಬಗ್ಗಿ ನೋಡ್ತೀನಿ, ಹನ್ನೆರಡು ಹುಡುಗಿಯರೂ ನನ್ನ ದಾವೆಯನ್ನೇ ಹೊಡೀತಿದ್ದಾರೆ!

"ಏನ್ರೀ ಇದು!"

"ಪ್ರಾಕ್ಟೀಸು ಸಾರ್. ಮುಂದಿನ ತಿಂಗಳು ಪರೀಕ್ಷೆ. ನಿಮ್ಮ ಬರವಣಿಗೇಲಿ ಕಷ್ಟದ ಇಂಗ್ಲಿಷ್ ಚೆನ್ನಾಗಿರುತ್ತೆ. ಇವರ್ಯಾರೂ ಓದಲ್ಲ ಸಾರ್, ಬರೀ ಹೊಡೀತಾರೆ ಅಷ್ಟೆ."

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಚಕ್ಕುಬಂದಿ ತಪ್ಪಿದೆ. ಒಂದನೇ ಪೇಜಲ್ಲಿ ಸೈಟಿನ ಪೂರ್ವಕ್ಕೆ ರಸ್ತೆ ಅಂತಿದೆ, ನಾಲ್ಕನೇ ಪೇಜಲ್ಲಿ ಪಶ್ಚಿಮಕ್ಕೆ ಅಂತಿದೆ."

ತೆಗೆದು ನೋಡಿದೆ. ಹೌದು, ತಪ್ಪಿತ್ತು. ಹಾಗೇ ಕೋರ್ಟಿಗೆ ಹಾಕಿದ್ರೆ ಸ್ಟೇ ಬದಲು ಮಂಗಳಾರತಿ ಆಗ್ತಿತ್ತು. ಹಲ್ಲು ಕಚ್ಚಿಕೊಂಡು, "ಓದಲ್ಲ ಅಂದ್ರಲ್ರೀ!" ಅಂತ ಮಾಸ್ತರನ್ನ ನೋಡಿದೆ. "ಪೂರ್ವನೇ ಸರಿ ಸಾರ್," ಅಂದಳು ಹುಡುಗಿ, "ನಮ್ಮನೆ ಹಿಂದಿನ ಸೈಟೇ ಅದು."

ಆಫೀಸಿಗೆ ಬಂದವನೇ ನನ್ನ ಗುಮಾಸ್ತನ ಮೇಲೆ ಹರಿಹಾಯ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ, ಎದುರಿಗೆ ಸಿಕ್ಕಿದ ಅಷ್ಟೆ. "ಆ ಬ್ಲೌಸಿನಾಕೆ ಸೈಟಿಗೆ ಸ್ಟೇ ತರೋ ವಿಷಯ ಶುಕ್ರವಾರದವರೆಗೆ ಒಂದು ನರಪಿಳ್ಳೆಯ ಕಿವಿಗೂ ಬೀಳಬಾರದು! ತಿಳೀತಾ?" ಅಂದೆ. ಒಳಗಿಂದ ಹೆಂಡತಿ ಬಂದು ಕಿಟಕಿ ಮುಚ್ಚಿದಳು. ಈ ಸೆಖೇಲಿ ಯಾಕೇ ಮುಚ್ತೀಯಾ ಅಂತ ಅವಳಿಗೂ ಬೈದು ಮತ್ತೆ ತೆಗೆಸಿದೆ.

೩. ನನಗೆ ಬರದ ವಿದ್ಯೆ

ಮಂಗಳವಾರ ಒಬ್ಬ ಸಫಾರಿ ಸೂಟಿನವನು ಬಂದು ಎದುರಿಗೆ ಕೂತ. "ಸಾರ್, ಒಂದು ಸೈಟು ಮಾರ್ತಾ ಇದೀನಿ. ಸತ್ತುಹೋದ ತಮ್ಮನ ಹೆಂಡತಿ ಅದರಲ್ಲಿದ್ದಾಳೆ. ಎಬ್ಬಿಸೋದು ಹೇಗೆ, ಸ್ವಲ್ಪ ದಾರಿ ಹೇಳಿ" ಅಂದ. ಅವನೇ ಆ ಭಾವ!

ಇವನ ಕೇಸು ಮುಟ್ಟೋ ಹಾಗಿಲ್ಲ. ಯಾಕೆ ಮುಟ್ಟಲ್ಲ ಅಂತಲೂ ಹೇಳೋ ಹಾಗಿಲ್ಲ, ಹೇಳಿದ್ರೆ ಆಕೆ ಕಥೆ ಮುಗೀತು.

"ಇನ್ನೇನೂ ಹೇಳ್ಬೇಡಿ. ನನ್ನ ಕೈಲಿ ಆಗಲ್ಲ, ಬೇರೆಯವರನ್ನ ನೋಡಿ."

"ಯಾಕೆ ಆಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ ರೀ."

"ಕಾರಣ ಹೇಳಿ. ಏನೋ ಇದೆ" ಅಂತ ಅವನು ಕಣ್ಣು ಕಿರಿದು ಮಾಡಿದ. ಅಷ್ಟರಲ್ಲಿ ಮೂಲೆಯಿಂದ ಮೇಷ್ಟ್ರ ದನಿ ಬಂತು. "ಸುಮ್ನೆ ಬಲವಂತ ಮಾಡ್ಬೇಡಿ ಸ್ವಾಮಿ. ಇವರಿಗೆ ಸಿವಿಲ್ ಬರಲ್ಲ. ಪಾಪ, ಬಾಯಿಬಿಟ್ಟು ಹೇಳ್ಕೊಳ್ಳೋಕೆ ನಾಚಿಕೆ."

ಇಪ್ಪತ್ತು ವರ್ಷ ಸಿವಿಲ್ ಕೋರ್ಟಿನ ಮೆಟ್ಟಿಲು ಸವೆಸಿದವನು ನಾನು! ಕಿವಿ ತುದಿಯವರೆಗೆ ಕೆಂಪಾಯ್ತು. ಆದರೂ ಆ ಹೆಂಗಸಿನ ಮುಖ ನೆನೆಸಿಕೊಂಡು, ಬಂದ ಸಿಟ್ಟನ್ನೆಲ್ಲ ನುಂಗಿ, "ಹೌದು, ಅಷ್ಟಾಗಿ ಬರಲ್ಲ" ಅಂದೆ. ನನ್ನ ಜನ್ಮದಲ್ಲಿ ಸಿಟ್ಟು ನುಂಗಿದ್ದು ಅದೊಂದೇ ಸಲ.

ಅವನು ಎದ್ದು ಹೋದ. ಹೋಗ್ತಾ ಇಡೀ ಬೀದಿಗೆ ಹೇಳ್ಕೊಂಡು ಹೋದ. ಮುಂದಿನ ಮೂರು ತಿಂಗಳು ನನಗೆ ಬರೀ ಡೈವೋರ್ಸ್ ಕೇಸೇ ಬಂತು.

೪. ಎದುರು ಪಾರ್ಟಿ

ಬುಧವಾರ ಕೋರ್ಟಿನಲ್ಲಿ ಸ್ಟೇ ಸಿಕ್ತು. ಗುರುವಾರ ಭಾವನ ಕೈಗೆ ಆರ್ಡರ್ ಮುಟ್ಟಿತು. ಶುಕ್ರವಾರ ರಿಜಿಸ್ಟ್ರೇಷನ್ ಆಗಲಿಲ್ಲ. ಬ್ಲೌಸಿನಾಕೆ ಬಂದು ಸೆರಗಲ್ಲಿ ಕಣ್ಣೊರಸಿಕೊಂಡು ಹೋದಳು. ಇಷ್ಟೆಲ್ಲಾ ಬಾಯಿಬಡುಕರ ಮಧ್ಯೆ ಗುಟ್ಟು ಕಾಪಾಡಿದೆನಲ್ಲಾ ಅಂತ ಎದೆ ಉಬ್ಬಿಸಿಕೊಂಡು ಕೂತಿದ್ದೆ.

ಶನಿವಾರ ಇನ್ನೊಬ್ಬ ಹೆಂಗಸು ಬಂದರು, ಕೈಯಲ್ಲಿ ಕವರು. "ಎದುರು ಪಾರ್ಟಿ ಹೆಂಡತಿ ನಾನು. ನಿಮ್ಮ ಬ್ಲೌಸಿನಾಕೆಗೆ ಓರಗಿತ್ತಿ."

"ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲಮ್ಮ."

"ನೀವು ಮಾತಾಡ್ಬೇಡಿ ಸಾರ್, ನಾನೇ ಆಡ್ತೀನಿ. ಸ್ಟೇ ವಿಷಯ ನನಗೆ ಸೋಮವಾರನೇ ಗೊತ್ತಿತ್ತು."

ಕುರ್ಚಿಯಿಂದ ಹಾರಿದೆ. "ಯಾರು ಹೇಳಿದ್ದು? ಮೇಷ್ಟ್ರಾ? ಆ ಆಂಟಿನಾ? ಟೈಪಿಂಗ್ ಮಾಸ್ತರಾ? ಹೇಳಿ, ಅವರ ಚರ್ಮ ಸುಲೀತೀನಿ!"

"ಅಯ್ಯೋ, ಅವರ್ಯಾರೂ ತುಟಿ ಬಿಚ್ಚಲಿಲ್ಲ. ಹೇಳಿದ್ದು ನೀವೇ. ಸೋಮವಾರ ಸೀಮೆಎಣ್ಣೆ ಕ್ಯೂನಲ್ಲಿ ನಿಮ್ಮ ಕಿಟಕಿ ಕೆಳಗೇ ನಿಂತಿದ್ದೆ. ಕ್ಯೂನಲ್ಲಿದ್ದೋರಿಗೆಲ್ಲ ಕೇಳಿಸ್ತು."

ಮೆಲ್ಲಗೆ ಎದ್ದು ಹೋಗಿ ಕಿಟಕಿ ಮುಚ್ಚಿದೆ. "ಮತ್ತೆ... ನಿಮ್ಮ ಯಜಮಾನ್ರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆ ಹೆಣ್ಣುಮಕ್ಕಳು ಬೀದಿಪಾಲು, ಬಂದ ದುಡ್ಡು ಇಸ್ಪೀಟಿನ ಪಾಲು. ಯಾರೂ ಬಾಯಿ ಬಿಡಬಾರದು ಅಂತ ಕ್ಯೂನಲ್ಲಿದ್ದ ಅಷ್ಟೂ ಜನ ಕ್ಯಾನು ಮುಟ್ಟಿ ಆಣೆ ಮಾಡಿದ್ವಿ. ನಮ್ಮ ಮೇಲೆ ನಮಗೆ ನಂಬಿಕೆ ಇತ್ತು ಸಾರ್. ಭಯ ಇದ್ದದ್ದು ನಿಮ್ಮ ಮೇಲೇ."

"ನನ್ನ ಮೇಲಾ?"

"ಮಂಗಳವಾರ ಸಾಯಂಕಾಲ ಸಕ್ಕರೆ ಕೊಡ್ತಾರೆ ಅಂದಿದ್ರು. ಸಕ್ಕರೆ ಕ್ಯೂಗೆ ಬರೋರು ನಮ್ಮ ಯಜಮಾನ್ರು. ಆ ಹೊತ್ತಲ್ಲಿ ನೀವು ಇನ್ಯಾರಿಗಾದ್ರೂ 'ಗುಟ್ಟಾಗಿಡಿ' ಅಂತ ಹೇಳಿಬಿಟ್ರೆ ಏನಪ್ಪಾ ಗತಿ ಅಂತ ಹರಕೆ ಹೊತ್ಕೊಂಡಿದ್ದೆ."

ಕವರಿನಿಂದ ಒಂದು ತೆಂಗಿನಕಾಯಿ ಹೋಳು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ತಗೊಳ್ಳಿ ಸಾರ್, ಪ್ರಸಾದ. ನಿಮ್ಮ ಬಾಯಿ ಹೆಸರಲ್ಲಿ ಒಡೆಸಿದ ಕಾಯಿ."