ಹದಿನಾರು ಬೋರ್ಡು, ಒಂದು ಲೆಕ್ಕ

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ನಮ್ಮೂರು ಇರಕಲ್ಲಗಡದಲ್ಲಿ ಹುಚ್ಚರು ಇಲ್ಲವೆಂದಲ್ಲ. ಆದರೆ ಪಿಂಚಣಿ ಬರತೊಡಗಿದ ಮೇಲೆ ಪುರುಸೊತ್ತು ಮಾಡಿಕೊಂಡು ಹುಚ್ಚನಾದವನು ನನ್ನ ತಮ್ಮ ಒಬ್ಬನೇ.

ಹೈದರಾಬಾದಿನ ಯಾವುದೋ ಲ್ಯಾಬಿನಲ್ಲಿ ಅವನು ಹರೆಯ ಕಳೆದ. ಒಂದು ಕಂಪ್ಯೂಟರಿಗೆ ಆಗದ ದೊಡ್ಡ ಲೆಕ್ಕವನ್ನು ಹದಿನಾರು ಸಣ್ಣ ಕಂಪ್ಯೂಟರುಗಳಿಗೆ ಹಂಚಿ ಒಟ್ಟಿಗೆ ಮಾಡಿಸುವುದು ಆ ಕಾಲಕ್ಕೆ ಹೊಸದಂತೆ. ಮಾಡಿಸಿದರೇ? ಎಲ್ಲಿಂದ! ಕೆಲಸ ಅರ್ಧಕ್ಕೆ ನಿಂತಿತು. ಲ್ಯಾಬಿನವರು ಬೇರೆ ಯಂತ್ರ ತಂದು ಈ ಹದಿನಾರರ ಯಂತ್ರವನ್ನು ಮೂಲೆಗೆ ಒತ್ತಿದರು. ಮದುವೆಯನ್ನೇ ಮಾಡಿಕೊಳ್ಳದ ನನ್ನ ತಮ್ಮ, ರಿಟೈರಾದ ದಿನ ಹೆಂಡತಿ ಮಕ್ಕಳ ಬದಲಿಗೆ ಅದನ್ನು ಟೆಂಪೋದಲ್ಲಿ ಹೇರಿಕೊಂಡು ನನ್ನ ಮನೆಗೆ ಬಂದ.

ಕಂಪ್ಯೂಟರಿಗೊಂದರಂತೆ ಪಡಸಾಲೆಯ ಗೋಡೆಗೆ ಹದಿನಾರು ಬೋರ್ಡು. ಒಂದೊಂದಕ್ಕೂ ಒಂದು ಕೆಂಪು ದೀಪ. ಎಲ್ಲಿ ನೋಡಿದರೂ ವೈರು. ಮನೆಗೆ ಬಂದವರು ತಲೆ ತಗ್ಗಿಸಿಯೇ ಬರಬೇಕು. ಊರಿನ ಗೌಡರೂ ಬಗ್ಗಿ ಬಂದರು. ನಮ್ಮ ಮನೆಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

“ಏನ್ ಜಡ್ಡೋ ಇದಕ್ಕ?” ಎಂದು ಕೇಳಿದೆ.

“ಯಕ್ಕಾ, ಒಂದೊಂದು ಬೋರ್ಡಿಗಿ ನಾಕ ಕೈ ಅದಾವ. ಬಾಜೂದವರ ಕೈ ಅಷ್ಟ ಹಿಡೀತಾವ. ಈ ಮೂಲಿಂದ ಆ ಮೂಲಿಗೆ ಸುದ್ದಿ ಹೋಗ್ಬೇಕಂದ್ರ ನಡುವಿನವರ ಕೈಯಾಗ ದಾಟ್ಬೇಕು. ಅಲ್ಲೇ ಸಿಕ್ಕೊಂತೈತಿ.”

“ಮತ್ತ ಇನ್ನೆರಡು ಕೈ ಹಚ್ಚು.”

“ಮಾಡಿದವರ ನಾಕ ಕೊಟ್ಟಾರ. ನಾ ಎಲ್ಲಿಂದ ತರ್ಲಿ?”

ನನಗೆ ದೇವರು ಎರಡೇ ಕೊಟ್ಟಿದ್ದಾನೆ, ಇಡೀ ಮನೆ ನಡೆದಿಲ್ಲವೇ?

ಒಂದು ವಾರ ಬೋರ್ಡುಗಳನ್ನು ಉದ್ದ ಸಾಲಿನಲ್ಲಿ ಜೋಡಿಸಿದ, ಇನ್ನೊಂದು ವಾರ ಬಳೆಯಂತೆ ಸುತ್ತಿಸಿದ, ಆಮೇಲೆ ಚೌಕಾಬಾರದ ಮನೆಯಂತೆ ಮಾಡಿದ. ಏನು ಮಾಡಿದರೂ ದೀಪಗಳು ಸ್ವಲ್ಪ ಹೊತ್ತು ಮಿಣುಕಿ ಸುಮ್ಮನಾಗುತ್ತಿದ್ದವು. ಅದರ ಕೈ ಖಾಲಿಯಾಗಲೆಂದು ಇದು, ಇದರ ಕೈ ಖಾಲಿಯಾಗಲೆಂದು ಅದು ಕಾಯುತ್ತವಂತೆ. ಬೀಗರ ಪಂಕ್ತಿಯಲ್ಲಿ “ನೀವು ಮೊದಲ ತಗೋರಿ”, “ಇಲ್ರಿ, ನೀವು ಮೊದಲ” ಎನ್ನುತ್ತ ಎರಡೂ ಕಡೆಯವರು ಸಾರು ಆರಿಸುತ್ತಾರಲ್ಲ, ಹಾಗೆ.

ಇದು ಸಾಲದೆಂದು ಬೋರ್ಡುಗಳಿಗೆ ಹೆಸರು ಬೇರೆ. “ಏ ರಫೀಕ, ಏಳೋ.” “ಶಂಕ್ರಪ್ಪ, ಮಲಗಬ್ಯಾಡ.” ಆ ಮೇಲಿನ ದೂರದ ಮೂಲೆಯದಕ್ಕೆ ಮಾತ್ರ ದನಿ ತಗ್ಗಿಸಿ, “ಸುಲೋಚನಾ, ಉತ್ತರ ಕೊಡ್ರಿ.” ಉಳಿದವರಿಗೆಲ್ಲ ಏಕವಚನ, ಇವಳಿಗೆ ಮಾತ್ರ ‘ರಿ’ ಯಾಕೆ?

“ಯಾರೋ ಈಕಿ?” ಎಂದೆ. ಅವನಿಗೆ ಆಗಲೇ ಎಲ್ಲೋ ಒಂದು ವೈರು ಸಡಿಲಾಗಿದ್ದು ಕಂಡಿತು.

ಅಷ್ಟರಲ್ಲಿ ಬಸುರಿ ಮೊಮ್ಮಗಳ ಕುಬುಸದ, ಅಂದರೆ ಸೀಮಂತದ, ಕಾರ್ಯ ನಿಶ್ಚಯವಾಯಿತು. ಬೀಗರು ಬಂದರೆ ಕೂಡ್ರಿಸಲು ಪಡಸಾಲೆ ಬೇಕು. ಯಂತ್ರವನ್ನು ಒಳಗಿಡೋಣವೆಂದರೆ ಒಳಕೋಣೆಯಲ್ಲಿ ಜಾಗವೆಲ್ಲಿ? ನನ್ನ ಮದುವೆಯ ಕಬ್ಬಿಣದ ಟ್ರಂಕೇ ಗೋಡೆ ತುಂಬ ಕೂತಿತ್ತು.

“ನಾಡದ ಮುಂಜಾನೆ ಗುಜರಿಯವಗ ಬಾ ಅಂದೀನಿ,” ಎಂದು ತಮ್ಮನಿಗೆ ಹೇಳಿದೆ. “ಅಷ್ಟರಾಗ ನಿನ್ನ ಯಂತ್ರ ಒಂದು ಲೆಕ್ಕ ಮಾಡಿ ತೋರಿಸಿದ್ರ ಇರ್ಲಿ. ಇಲ್ಲಾಂದ್ರ ಗಾಡಿ ಹತ್ಲಿ.”

ಅವನು ಹೋಗಿ ಬೋರ್ಡುಗಳ ಮುಂದೆ ಕೂತ. ಆ ದಿನ ಉಣ್ಣಲೂ ಇಲ್ಲ.

ಮರುದಿನ ರೊಟ್ಟಿಯ ಕೆಲಸ. ನಮ್ಮಲ್ಲಿ ಕಾರ್ಯದ ರೊಟ್ಟಿಯನ್ನು ಒಂದೇ ಮನೆಯಲ್ಲಿ ಬಡಿಯುವುದಿಲ್ಲ. ಜೋಳದ ಹಿಟ್ಟನ್ನು ಓಣಿಯ ಮನೆಮನೆಗೆ ಕೊಟ್ಟು ಬರುತ್ತೇವೆ, ಅವರು ರೊಟ್ಟಿ ಮಾಡಿ ಕಳಿಸುತ್ತಾರೆ. ನನಗೋ ಮೊಣಕಾಲು ನೋವು.

“ನೀ ಯಾಕ ತಿರಗ್ತಿ ಯಕ್ಕಾ?” ಎಂದ ತಮ್ಮ. “ಬಾಜೂ ಮನಿಗೆ ಕೊಡು. ಅವರು ತಮ್ಮ ಪಾಲು ಇಟಗೊಂಡು ಮುಂದಿನ ಮನಿಗೆ ದಾಟಿಸ್ತಾರ. ರೊಟ್ಟಿನೂ ಹಂಗ ತಿರುಗಿ ಬರ್ತಾವ.”

ಕಲಿತವನು ಹೇಳಿದ ಎಂದು ಕೇಳಿದೆ. ಕೇಳಬಾರದಿತ್ತು.

ಮಧ್ಯಾಹ್ನ ದಾಟಿದರೂ ಒಂದು ರೊಟ್ಟಿ ಬರಲಿಲ್ಲ. ಇಬ್ಬರೂ ನೋಡಲು ಹೋದೆವು. ಓಣಿಯ ನಡುವೆ, ದಾರಿಗಳು ಕೂಡುವಲ್ಲಿ ಹುಸೇನಬೀಯ ಮನೆ. ಯಾವ ಬುಟ್ಟಿ ಎಲ್ಲಿಗೆ ಹೋಗಬೇಕಾದರೂ ಅವಳ ಬಾಗಿಲಿಗೆ ಬರಲೇಬೇಕು. ಬುಟ್ಟಿ ಹೊತ್ತು ಬಂದವರನ್ನು ಚಹಾ ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಚಹಾ ಕುಡಿದವರು ನಾಲ್ಕು ಮಾತಾಡದೆ ಏಳುವುದಂತೂ ಇಲ್ಲವೇ ಇಲ್ಲ. ಕಟ್ಟೆಯ ತುಂಬ ಹೆಂಗಸರು, ಪಕ್ಕದಲ್ಲಿ ಹಿಟ್ಟಿನ ಬುಟ್ಟಿಗಳು.

“ನೋಡ್ರಿ ಅಕ್ಕಾರ,” ಎಂದಳು ಹುಸೇನಬೀ. “ಮುಂಜಾನಿಂದ ಒಲಿ ಮ್ಯಾಲಿನ ಚಾ ಇಳದಿಲ್ಲ. ಹಂಚು ನನ್ನ ತಲಿ ಮ್ಯಾಲೆ ಇಡ್ಲೇನ್ರಿ? ನಾ ಒಂದ ಒಂದು ರೊಟ್ಟಿ ಬಡದಿದ್ರ ಕೇಳ್ರಿ.”

ತಮ್ಮನನ್ನು ಬೈಯಲು ಬಾಯಿ ತೆರೆದೆ. ಅವನು ಚಹಾದ ಪಾತ್ರೆಯನ್ನೇ ನೋಡುತ್ತ ನಿಂತಿದ್ದ.

“ಹುಸೇನಬೀ, ನೀವು ರೊಟ್ಟಿ ಬಡೀಬ್ಯಾಡ್ರಿ. ಬರೇ ದಾಟಿಸ್ರಿ.”

“ಮತ್ತ ನನ್ನ ಪಾಲಿನ ಹಿಟ್ಟು?”

“ತುದೀ ಮನಿಯವರು ಮಾಡ್ತಾರ,” ಎಂದವನೇ ಮನೆಗೆ ಓಡಿದ. ಕೊಟ್ಟ ಚಹಾ ಮುಟ್ಟದೆ ಹೋದದ್ದನ್ನು ಹುಸೇನಬೀ ಇವತ್ತಿಗೂ ಎತ್ತಿ ಆಡುತ್ತಾಳೆ.

ಕುಬುಸಕ್ಕೆ ಇನ್ನೂ ದಿನವಿತ್ತು, ರೊಟ್ಟಿ ಹೇಗೋ ಆದವು. ಇವನದು ಕೇಳಿ. ನಡುವಿನ ಬೋರ್ಡುಗಳಿಗೂ ಇಷ್ಟು ದಿನ ಲೆಕ್ಕದ ಪಾಲು ಕೊಟ್ಟಿದ್ದನಂತೆ. ತಮ್ಮ ಕೆಲಸವನ್ನೂ ಮಾಡಿ, ಊರ ಸುದ್ದಿಯನ್ನೂ ದಾಟಿಸಿ ಅವು ಬಸವಳಿಯುತ್ತಿದ್ದವು. ಈಗ ಅವುಗಳ ಪಾಲನ್ನು ಕಿತ್ತು ಅಂಚಿನವಕ್ಕೆ ಹಂಚಿದ. ನಡುವಿನವು ದಾಟಿಸುವುದಷ್ಟೇ.

ಸಂಜೆ “ಯಕ್ಕಾ” ಎಂದು ಕೂಗಿದ. ಹಿಟ್ಟಿನ ಕೈಯಲ್ಲೇ ಹೋದೆ. ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು.

“ರಫೀಕ ಬಂದ. ಶಂಕ್ರಪ್ಪ ಬಂದ,” ಎನ್ನುತ್ತಿದ್ದ.

“ಯಾರೋ ಇವರೆಲ್ಲ?”

“ಒಂದೊಂದು ಬೋರ್ಡು ಒಬ್ಬೊಬ್ಬರು ಕೂತು ಬೆಸದದ್ದು ಯಕ್ಕಾ. ಎಲ್ಲಾರೂ ಕೂಡೇ ಇದ್ವಿ.”

ಕಡೆಗೆ ಮೇಲಿನ ಮೂಲೆಯ ದೀಪ ಹತ್ತಿತು. ಕೂತಿದ್ದವನು ಎದ್ದು ನಿಂತ.

“ಸುಲೋಚನಾ ಅವರ ಉತ್ತರ ಬಂತು.”

“ಏನಂದ್ಲು?”

“ಲೆಕ್ಕ ಸರಿ ಐತಿ ಅಂದ್ರು.”

ತಲೆ ಬೆಳ್ಳಗಾದವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಉಣ್ಣಲು ಬಾ ಎಂದು ಹೇಳಿ ನಾನು ಒಳಗೆ ಹೋದೆ.

ಮರುದಿನ ಬೆಳಗ್ಗೆ ಗುಜರಿಯವನು ಗಾಡಿ ತಂದ. “ಎಲ್ಲೈತ್ರಿ ಅಮ್ಮಾ, ಆ ಹಳೇ ಸಾಮಾನು?” ಎಂದ. ಒಳಕೋಣೆಗೆ ಕರೆದುಕೊಂಡು ಹೋಗಿ ನನ್ನ ಮದುವೆಯ ಟ್ರಂಕು ತೋರಿಸಿದೆ.