ಸರ್ವೇ ಕಲ್ಲಿನ ಮೊದಲ ಹೆಸರು

ನಿಂಬರ್ಗಾದ ಗುರುಪಾದ ಮಾಸ್ತರರ ನೆಮ್ಮದಿ ಕೆಡಿಸಿದ್ದು ಒಂದು ಮೊಬೈಲ್ ಆಟ. ಯಾರೋ ಪುಣ್ಯಾತ್ಮರು ಕಾಡಿನಲ್ಲೋ ಗುಡ್ಡದಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ಊರವರಿಗೆ ಗುಟ್ಟು ಬಿಡಬಾರದು. ಜಿಯೋಕ್ಯಾಶಿಂಗ್ ಎಂಬ ಈ ಆಟದಲ್ಲಿ ಬಹುಮಾನವಿಲ್ಲ; ಪುಸ್ತಕದಲ್ಲಿ ಮೊದಲ ಹೆಸರು ಯಾರದೋ ಮಾನ ಅವರದು. ಹಿಂದಿನ ಮೂರು ಡಬ್ಬಿಗಳಲ್ಲೂ ಆ ಮಾನ ಮಾಸ್ತರರ ಶಾಲೆಯವರೇ ಆದ ಮುಸ್ತಕೀಮ ಸರ್ ಪಾಲಾಗಿತ್ತು.

"ಏನ್ರಿ ಎರಡನೇ ನಂಬರ್, ಆರಾಮ ಇದ್ದೀರೇನು?" ಎಂದು ಅವರು ದಿನಾ ಚಹಾದ ಹೊತ್ತಿಗೆ ಕೇಳುತ್ತಿದ್ದರು. ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಈಗ ಹೊಸ ಗುರುತು ಬಿದ್ದಿತ್ತು. ಊರಾಚೆಯ ಕುರುಚಲು ಕಾಡಿನ ಗುಡ್ಡದ ಮೇಲೆ, ಹಿಂದೆಂದೋ ದೇಶ ಅಳೆದವರು ನೆಟ್ಟುಹೋದ ಸರ್ವೇ ಕಲ್ಲಿನ ಬುಡದಲ್ಲಿ. ಅದನ್ನು ಇನ್ನೂ ಯಾರೂ ಕಂಡಿರಲಿಲ್ಲ. ಭಾನುವಾರ ಮುಂಜಾನೆಯೇ ಮಾಸ್ತರರು ಹೊರಟರು.

ಕಾಡಿನ ಅಂಚಿನಲ್ಲಿ ಕುರಿ ಕಾಯುವ ಚಂದಪ್ಪ ಎದುರಾದ. ಮಾಸ್ತರರ ಕೈಯಲ್ಲಿ ಮೊಬೈಲ್, ಜೇಬಿನಲ್ಲಿ ಪೆನ್ನು ಕಂಡದ್ದೇ ಅವನ ಮುಖ ಬಾಡಿತು.

"ಕುರಿ ಎಣಿಸಾಕ ಬಂದೀರೇನ್ರಿ?"

"ಇಲ್ಲೋ ಮಾರಾಯ, ಸುಮ್ಮ ಅಡ್ಡಾಡಾಕ ಬಂದೇನಿ."

"ಸರಕಾರ ಮಾಸ್ತರರನ್ನ ಸುಮ್ಮ ಅಡ್ಡಾಡಾಕ ಎಲ್ಲಿ ಬಿಡ್ತದರಿ? ಎಣಿಸಿ ಬಿಡ್ರಿ, ಮತ್ತೊಮ್ಮೆ ಬರೋದು ತಪ್ಪತದ."

ಹೇಳಿದರೆ ಗುಟ್ಟು ರಟ್ಟು, ಹೇಳದಿದ್ದರೆ ಇವನು ಬಿಡುವವನಲ್ಲ. ಮಾಸ್ತರರು ನಲವತ್ತೊಂದು ಕುರಿ ಎಣಿಸಿ ಮುಂದೆ ನಡೆದರು.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗಿಂದ ನಿಂಬೆವ್ವ ಕೂಗಿದಳು. ಕಟ್ಟಿಗೆ ಹೊರೆ ಇಳಿಸಿಕೊಂಡು ಹೆಂಗಸರ ದಂಡೇ ಅಲ್ಲಿ ಚಹಾ ಕಾಯಿಸುತ್ತಿತ್ತು.

"ದೇವರು ಕಳಿಸಿದಂಗ ಬಂದ್ರಿ ನೋಡ್ರಿ ಮಾಸ್ತರ್ರ! ಉದ್ಯೋಗ ಖಾತ್ರಿ ಕೆಲಸಕ್ಕ ಪಂಚಾಯ್ತಿಗೆ ಹೆಸರು ಕೊಡಬೇಕು. ಇಷ್ಟು ಬರದು ಕೊಡ್ರಿ."

ಮಡಿಲಿನಿಂದ ಖಾಲಿ ಹಾಳೆಗಳ ಒಂದು ಚಿಕ್ಕ ವಹಿ ಹೊರಬಂತು. ಪಾಪ, ಎಲ್ಲರ ಮಕ್ಕಳೂ ತಮ್ಮ ತರಗತಿಯವರೇ. ಇಲ್ಲವೆನ್ನಲು ಮಾಸ್ತರರಿಗೆ ಬಾಯಿ ಬರಲಿಲ್ಲ. ಹಿರಿಯಳೆಂದು ನಿಂಬೆವ್ವನ ಹೆಸರನ್ನು ಮೊದಲು ಬರೆದರು. ಎರಡನೆಯದಕ್ಕೆ ಸಾಬವ್ವನಿಗೂ ಪೀರಬಿಗೂ ಜಗಳ ಹತ್ತಿತು. ಎರಡನೆಯವರ ಸಂಕಟ ಬಲ್ಲ ಮಾಸ್ತರರು ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಒಟ್ಟು ಇಪ್ಪತ್ತಮೂರು ಹೆಸರು, ಮುದ್ದಾದ ಅಕ್ಷರ. ಮುಗಿಸಿದವರೇ ಗುಡ್ಡಕ್ಕೆ ಓಡಿದರು.

ಜಾಲಿ ಮುಳ್ಳಿಗೆ ಪ್ಯಾಂಟು ಹರಿಯಿತು, ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಸರ್ವೇ ಕಲ್ಲೇನೋ ಸಿಕ್ಕಿತು. ಬುಡದಲ್ಲಿ ಡಬ್ಬಿ ಇದ್ದ ದುಂಡನೆಯ ಗುರುತೂ ಸಿಕ್ಕಿತು. ಡಬ್ಬಿ ಮಾತ್ರ ಇರಲಿಲ್ಲ. ಅರ್ಧ ತಾಸು ಕಲ್ಲುಗಳನ್ನೆಲ್ಲ ಮಗುಚಿದ ಮಾಸ್ತರರಿಗೆ ಅಳುವೇ ಬಂತು. ಆಟದ ನಿಯಮ ಹಾಳಾಗಲಿ ಎಂದು ಕೆಳಗಿಳಿದು ನಿಂಬೆವ್ವನನ್ನೇ ಕೇಳಿದರು.

"ಮ್ಯಾಲಿನ ಕಲ್ಲಿನ ಹತ್ತರ ಒಂದು ಡಬ್ಬಿ ಇತ್ತು, ನೋಡಿಯೇನವ್ವ?"

"ಇದ ಏನ್ರಿ?" ಎಂದು ಆಕೆ ಬುತ್ತಿಯ ಗಂಟಿನಿಂದ ಡಬ್ಬಿ ತೆಗೆದಳು. "ಕಟಗಿ ಆರಿಸಾಕ ಹೋದಾಗ ಸಿಕ್ಕಿತು. ಮುಚ್ಚಳ ಗಟ್ಟಿ ಅದ ಅಂತ ಉಪ್ಪಿನಕಾಯಿ ಹಾಕೇನಿ."

"ಒಳಗೊಂದು ಪುಸ್ತಕ ಇತ್ತಲ್ಲ?"

"ಈಗ ನೀವು ಬರದಿದ್ದು ಅದರಾಗರಿ! ಮೊದಲನೇ ಹಾಳಿ ತುಂಬ ಇಂಗ್ಲೀಷ್ ಇತ್ತು, ಹರದು ಒಲಿಗೆ ಹಾಕಿದ್ವಿ. ಉಳಿದಿದ್ದೆಲ್ಲ ಖಾಲಿ ಇತ್ತು."

ಮಾಸ್ತರರು ವಹಿ ಇಸಿದುಕೊಂಡು ನೋಡಿದರು. ಮೊದಲ ಸ್ಥಾನದಲ್ಲಿ, ತಮ್ಮದೇ ಮುದ್ದಾದ ಅಕ್ಷರದಲ್ಲಿ, ನಿಂಬೆವ್ವ ಕೂತಿದ್ದಳು. ಅಷ್ಟರಲ್ಲಿ ಊರ ಕಡೆಯ ದಾರಿಯಲ್ಲಿ ಮುಸ್ತಕೀಮ ಸರ್ ಬೈಕಿನ ಸದ್ದು ಕೇಳಿಸಿತು.

"ನಿಂಬೆವ್ವಾ, ಕಡೀಕ ನಂದೂ ಒಂದು ಹೆಸರು ಬರೀಲೇನು?"

"ಯಾಕ್ರಿ, ಪಗಾರ ಸಾಲಂಗಿಲ್ಲೇನು?"

"ಸಾಲತದ ಬೇ. ಆದ್ರೂ..."

ಬೈಕು ಹತ್ತಿರಾಯಿತು. ಮಾಸ್ತರರು ಹಲ್ಲು ಕಚ್ಚಿ ಇಪ್ಪತ್ತನಾಲ್ಕನೆಯ ಹೆಸರು ಬರೆದರು. ನಿಂಬೆವ್ವ ವಹಿಯನ್ನು ಮಡಿಲಿಗೆ ಸೇರಿಸಿ, ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು.

"ಕೆಲಸ ಸುರು ಆದ ದಿನ ಏಳಕ್ಕ ಬರ್ರಿ ಮತ್ತ. ಸಲಿಕಿ, ಬುಟ್ಟಿ ನಿಮ್ಮವ ತರಬೇಕ್ರಿ."